ಎರಡು ಗಂಟುಗಳ ಹಗ್ಗ

ನಮಗೆ ಮನೆ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ದೋಣಿಯಲ್ಲಿ ಬೆಳೆದವಳು ಎಂದ ಕೂಡಲೇ ಕೇಳುವವರ ಮುಖ ಮೆತ್ತಗಾಗುತ್ತದೆ. ವಡಪಳನಿಯಲ್ಲಿ ನಾನೀಗ ಇರುವ ಕಟ್ಟಡದ ಕೆಳಮನೆಯಾಕೆ ‘ಐಯೋ, ಪಾವಂ’ ಎಂದು ನನ್ನ ಕೈ ಹಿಡಿದುಕೊಂಡಿದ್ದಳು. ಮಗಳ ಗೆಳತಿಯೊಬ್ಬಳು ‘ಮನೆ ಮಾಡುವಷ್ಟು ಅನುಕೂಲ ಇರಲಿಲ್ಲವಾ ಆಂಟಿ’ ಎಂದು ಬಹಳ ನಾಜೂಕಾಗಿ ಕೇಳಿದಳು. ಅನುಕೂಲದ ಮಾತು ಬೇರೆ. ಮನೆ ಇತ್ತು. ಅದರ ಉದ್ದ ಇಪ್ಪತ್ತಮೂರು ಮೊಳ, ನಡುವಿನ ಅಗಲ ಆರು ಮೊಳ. ನನ್ನ ಅಮ್ಮ ತನ್ನ ಮೊಳಕೈಯಿಂದ ಅಳೆದ ಲೆಕ್ಕ ಇದು. ಅಮ್ಮನನ್ನು ನಾವು ನಮ್ಮ ಕುಂದಾಪುರದ ಕಡೆಯ ರೂಢಿಯಂತೆ ಅಬ್ಬಿ ಎಂದು ಕರೆಯುತ್ತಿದ್ದೆವು. ಮದರಾಸಿನ ಉತ್ತರಕ್ಕೆ ಸಮುದ್ರದ ಪಕ್ಕದಲ್ಲೇ ಹೋಗುವ ಕಾಲುವೆಯಲ್ಲಿ ಆ ಮನೆ ಚಲಿಸುತ್ತಿತ್ತು. ಚಲಿಸುತ್ತಿತ್ತು ಎಂಬ ಒಂದೇ ಕಾರಣಕ್ಕೆ ಅದು ಮನೆಯಲ್ಲ ಎನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ. ಅಲ್ಲಿ ಏನು ನಡೆಯಿತು ಎಂದು ಮಾತ್ರ ಹೇಳುತ್ತೇನೆ. ಹೇಳಲು ಕಷ್ಟವಾದ ಒಂದು ಸಂಗತಿ ಅದರಲ್ಲಿ ಇದೆ. ಅದನ್ನೂ ಬಿಡುವುದಿಲ್ಲ.

ದೋಣಿಯ ಹಿಂಭಾಗದಲ್ಲಿ ಬಿದಿರಿನ ದಬ್ಬೆ ಬಗ್ಗಿಸಿ ಓಲೆ ಹೊದಿಸಿದ ಮಾಡು. ಅದರ ಕೆಳಗೆ ನಾವು ನಾಲ್ವರು: ಅಪ್ಪ, ಅಬ್ಬಿ, ನಾನು, ನನಗಿಂತ ಆರು ವರ್ಷ ಚಿಕ್ಕವಳಾದ ತಂಗಿ ಸಾಕು. ಅಪ್ಪ ಮಲಗುವ ಜಾಗ ಚುಕ್ಕಾಣಿಯ ಬುಡ. ನಾನು ಮತ್ತು ಸಾಕು ಅಕ್ಕಿ ಡಬ್ಬದ ಪಕ್ಕ. ಅಬ್ಬಿ ಎಲ್ಲಿ ಮಲಗುತ್ತಿದ್ದಳೆಂದು ನನಗೆ ನೆನಪಿಲ್ಲ. ನಾನು ಎದ್ದಿರುವಾಗ ಅವಳು ಮಲಗಿದ್ದನ್ನು ಕಂಡದ್ದೇ ಕಡಿಮೆ. ಮರದ ಚೌಕದಲ್ಲಿ ಮರಳು ತುಂಬಿಸಿ ಅದರ ಮೇಲೆ ಮಣ್ಣಿನ ಒಲೆ ಇಟ್ಟಿದ್ದಳು. ಗಾಳಿ ಯಾವ ಕಡೆಯಿಂದ ಬರುತ್ತದೋ ಅದರ ಮೇಲೆ ಅಂದಿನ ಅಡುಗೆ. ತೆಂಕಣ ಗಾಳಿಯಾದರೆ ಸಾರು, ಬಡಗಣದ್ದಾದರೆ ಹೊಗೆ ಮಾಡಿನೊಳಕ್ಕೇ ನುಗ್ಗುವುದರಿಂದ ಬೆಳಗಿನ ಗಂಜಿಯೇ ಮಧ್ಯಾಹ್ನಕ್ಕೂ, ಜೊತೆಗೆ ಸುಟ್ಟ ಒಣಮೀನು. ಅಪ್ಪ ಮೊದಲು ಊರ ಕಡೆ ದೊಡ್ಡ ಹಾಯಿಹಡಗಿನಲ್ಲಿ ಸಮುದ್ರಕ್ಕೆ ಹೋಗುತ್ತಿದ್ದವನು. ಕಾಲುವೆಯ ನೀರು ಅವನಿಗೆ ಮಕ್ಕಳಾಟ. ಆದರೂ ಹಾಯಿ ಬಿಚ್ಚುವಾಗ ಅವನು ಅದನ್ನು ಕಟ್ಟುವ ಕಂಬವಾದ ಕೂವೆಮರವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಮಾತು ಕಡಿಮೆ. ಇಡೀ ದಿನದಲ್ಲಿ ಅವನು ಆಡಿದ ಮಾತುಗಳನ್ನು ನಾನೊಮ್ಮೆ ಬೆರಳಿನಲ್ಲಿ ಎಣಿಸಿದ್ದೆ. ಎರಡು ಕೈ ಸಾಕಾಗಿತ್ತು.

ಉತ್ತರದ ತೋಪುಗಳಿಂದ ಸರ್ವೆ ಮರದ ಸೌದೆ ತುಂಬಿಕೊಂಡು ಮದರಾಸಿನ ಕಟ್ಟಿಗೆ ಡಿಪೋಗಳಿಗೆ ಇಳಿಸುವುದು, ಬರಿದೋಣಿಯಲ್ಲಿ ಮರಳುವುದು, ಇದು ನಮ್ಮ ಕೆಲಸ. ನಾಲ್ಕು ದೋಣಿಗಳು ಯಾವಾಗಲೂ ಒಟ್ಟಿಗೆ ಹೋಗುತ್ತಿದ್ದವು. ಮುಂದೆ ಕಣ್ಣಪ್ಪನ್ ತಾತ. ತಮಿಳಿನವನು, ಹೆಂಡತಿ ತೀರಿದ ಮೇಲೆ ಒಂದು ಆಡಿನ ಜೊತೆ ಬದುಕುತ್ತಿದ್ದವನು. ಅವನ ಹಿಂದೆ ನಾವು. ನಮ್ಮ ಹಿಂದೆ ಪೋಲಮ್ಮ ಮತ್ತು ಅವಳ ಗಂಡ, ನೆಲ್ಲೂರಿನ ಕಡೆಯ ತೆಲುಗರು. ಕೊನೆಯದು ಇಬ್ಬರು ಅಣ್ಣತಮ್ಮಂದಿರದು. ದೋಣಿಗಳು ಹೋಗುತ್ತಿರುವಾಗಲೇ ಊಟದ ಕೊಡು-ಕೊಳ್ಳುವಿಕೆ. ಸಾರಿನ ಪಾತ್ರೆಯ ಕಂಠಕ್ಕೆ ದಾರ ಕಟ್ಟಿ, ಉದ್ದನೆಯ ಬಿದಿರಿನ ಗಳದ ತುದಿಗೆ ತೂಗುಹಾಕಿ, ಮುಂದಿನ ದೋಣಿಗೋ ಹಿಂದಿನದಕ್ಕೋ ಚಾಚುವುದು. ಪೋಲಮ್ಮನ ಗೋಂಗುರ ಸೊಪ್ಪಿನ ಪಲ್ಯ ನಮಗೆ, ನಮ್ಮ ಮೀನಿನ ಸಾರು ತಾತನಿಗೆ. ಪಾತ್ರೆ ಖಾಲಿ ಹಿಂದಿರುಗಿಸುವಂತಿಲ್ಲ. ಏನೂ ಇಲ್ಲದಿದ್ದರೆ ಒಂದು ಈರುಳ್ಳಿಯಾದರೂ ಇರಬೇಕು. ಹೀಗೆ ಮೂರು ಭಾಷೆ ನನ್ನ ಬಾಯಿಗೆ ಊಟದ ಜೊತೆ ಬಂದವು. ಸಾಕುವಿನ ಬಾಯಲ್ಲಿ ಅವು ಕಲೆತು ಹೋಗಿದ್ದವು. ಅವಳು ಅಳುವುದು ಕನ್ನಡದಲ್ಲಿ, ಬೇಡ ಎನ್ನುವುದು ತಮಿಳಿನಲ್ಲಿ.

ಇನ್ನು ಹಗ್ಗದ ವಿಷಯ. ಈಜು ಬಾರದ ಮಗುವನ್ನು ದೋಣಿಯವರು ಸೊಂಟಕ್ಕೆ ತೆಂಗಿನ ನಾರಿನ ಹಗ್ಗ ಸುತ್ತಿ ಕಟ್ಟುತ್ತಿದ್ದರು. ನಾಲ್ಕೂ ದೋಣಿಗಳಲ್ಲಿ, ಕಾಲುವೆಯ ಉದ್ದಕ್ಕೂ, ಇದೇ ರೂಢಿ. ನಾರು ಚುಚ್ಚದ ಹಾಗೆ ಸೊಂಟದ ಭಾಗಕ್ಕೆ ಹಳೆಯ ಸೀರೆಯ ತುಂಡು ಹೊಲಿಯುತ್ತಿದ್ದರು. ನಮ್ಮ ಹಗ್ಗಕ್ಕೆ ಅಬ್ಬಿ ಎರಡು ಗಂಟು ಹಾಕಿದ್ದಳು. ಮಗುವಿನಿಂದ ಐದು ಮೊಳ ದೂರದ್ದು ತುಂಬಿದ ಗಂಟು. ದೋಣಿಯಲ್ಲಿ ಸೌದೆ ತುಂಬಿರುವಾಗ ಮಗು ಹಿಂದಿನ ಮಾಡಿನೊಳಗೇ ಇರುತ್ತದೆ, ಸುತ್ತ ತಟ್ಟಿಯ ಗೋಡೆ, ಆಗ ಮಾಡಿನ ಕಂಬಕ್ಕೆ ಈ ಗಂಟಿನಲ್ಲಿ ಕಟ್ಟಬೇಕು. ಎರಡು ಮೊಳ ದೂರದ್ದು ಬರಿಗಂಟು. ಸೌದೆ ಇಳಿಸಿದ ಮೇಲೆ ಮಗುವನ್ನು ಬಯಲಿನಲ್ಲಿ, ನಡುವಿನ ಕೂವೆಮರಕ್ಕೆ ಕಟ್ಟುತ್ತಾರೆ. ಅಲ್ಲಿಂದ ದೋಣಿಯ ಅಂಚು ಎರಡೂ ಕಡೆ ಮೂರೇ ಮೊಳ. ಆದ್ದರಿಂದ ಬರಿಗಂಟು. ಮಗು ಎಷ್ಟು ಎಳೆದರೂ ಅಂಚು ಒಂದು ಮೊಳ ಆಚೆಗೇ ಉಳಿಯಬೇಕು. ಮಗು ಒಂದು ದೋಣಿಯಿಂದ ಇನ್ನೊಂದಕ್ಕೆ ಯಾರ ಕೈಯನ್ನೂ ಮುಟ್ಟದೆ ಈಜಿದ ದಿನ ಹಗ್ಗ ಬಿಚ್ಚುತ್ತಾರೆ. ಆ ದಿನ ನಾಲ್ಕು ದೋಣಿಗೂ ಬೆಲ್ಲದ ಪಾಯಸ. ನನಗೆ ಬಿಚ್ಚಿದ್ದು ಏಳನೆಯ ವರ್ಷದಲ್ಲಿ. ಬಿಚ್ಚಿದ ಮೇಲೆ ಎರಡು ದಿನ ಸೊಂಟ ಹಗುರವಾಗಿ ನನಗೆ ನಡೆಯಲು ಬರಲಿಲ್ಲ. ಇದನ್ನು ಯಾರಾದರೂ ಕ್ರೂರವೆಂದರೆ, ಕಾಲುವೆಯಲ್ಲಿ ಮಗುವನ್ನು ಕಟ್ಟದೆ ಒಂದು ವಾರ ಸಂಸಾರ ಮಾಡಿ ನೋಡಲಿ.

ಇಷ್ಟು ದೂರದಲ್ಲಿ ನಮಗೆ ಬಂಧುವೆಂದು ಇದ್ದವನು ಒಬ್ಬನೇ, ಶೀನ ಮಾವ, ಅಬ್ಬಿಯ ಅಣ್ಣ. ಪ್ಯಾರೀಸ್ ಕಾರ್ನರ್ ಹತ್ತಿರ ನಮ್ಮೂರಿನವರದೇ ಒಂದು ಸಸ್ಯಾಹಾರಿ ಹೋಟೆಲಿಗೆ ದಿನಸಿ, ತರಕಾರಿ, ಸೌದೆ ತರಿಸುವ ಕೆಲಸ ಅವನದು. ಹೋಟೆಲಿಗೆ ಸೇರಿದ ಮೇಲೆ ಅವನು ಮೀನು ಬಿಟ್ಟಿದ್ದ. ಬಿಟ್ಟದ್ದಷ್ಟೇ ಅಲ್ಲ, ನಮ್ಮ ದೋಣಿಗೆ ಬಂದರೆ ಹೆಗಲ ಮೇಲಿನ ಬೈರಾಸನ್ನು ಮೂಗಿಗೆ ಹಿಡಿದೇ ಕೂರುತ್ತಿದ್ದ. ಪೋಲಮ್ಮನಿಗೆ ಅದು ದೊಡ್ಡ ತಮಾಷೆ. ‘ಲಚ್ಚಮ್ಮಾ, ಮೀ ಅನ್ನಯ್ಯ ಮೂಗಿಗೆ ಏನಾಯಿತು, ಬಿದ್ದು ಹೋಗುತ್ತದಾ’ ಎಂದು ಪಕ್ಕದ ದೋಣಿಯಿಂದ ಅಬ್ಬಿಯನ್ನು ಕೇಳುತ್ತಿದ್ದಳು. ಆದರೆ ಅವನು ಕೆಟ್ಟವನಲ್ಲ. ಬಂದಾಗಲೆಲ್ಲ ನಮಗೆ ಮೈಸೂರು ಪಾಕು ತರುತ್ತಿದ್ದ. ದೋಣಿಯ ಒಳಹಲಗೆಯ ಮೇಲೆ ಇದ್ದಿಲಿನಲ್ಲಿ ಅ ಆ ಬರೆದು ನನಗೆ ತಿದ್ದಿಸಿದವನು ಅವನೇ. ಅಬ್ಬಿ ದೋಣಿಯನ್ನೆಲ್ಲ ತೊಳೆದರೂ ಆ ಹಲಗೆಯನ್ನು ಮಾತ್ರ ತೊಳೆಯುತ್ತಿರಲಿಲ್ಲ. ಹೋಟೆಲಿನ ಹಿಂದಿನ ಓಣಿಯಲ್ಲಿ ಅವನಿಗೆ ಎರಡು ಕೋಣೆಯ ಮನೆ ಇತ್ತು, ಅಂಗಳದಲ್ಲೇ ನಲ್ಲಿ. ನಾನು ಅಲ್ಲಿದ್ದುಕೊಂಡು ಶಾಲೆಗೆ ಹೋಗಬೇಕೆಂದು ಅವನು ವರ್ಷಕ್ಕೆರಡು ಸಲ ಹೇಳುತ್ತಿದ್ದ. ನನಗೂ ಆಸೆಯಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಅಬ್ಬಿ ಪ್ರತಿ ಸಲವೂ ‘ಕಾಂಬ’ ಎನ್ನುತ್ತಿದ್ದಳು. ನೋಡೋಣ ಎಂದರ್ಥ, ಇಲ್ಲ ಎಂದೂ ಅರ್ಥ.

ನನಗೆ ಆಗ ಒಂಬತ್ತು ವರ್ಷ, ಸಾಕುವಿಗೆ ಮೂರು. ಆ ದಿನ ನಾವು ಮದರಾಸಿನ ದೋಣಿಕಟ್ಟೆಯಲ್ಲಿದ್ದೆವು. ಬೆಳಗಿನ ಹತ್ತರ ಹೊತ್ತಿಗೆ ಸೌದೆಯೆಲ್ಲ ಇಳಿದಿತ್ತು. ಅಪ್ಪ ಡಿಪೋಗೆ ಹೋಗಿದ್ದ. ಅಬ್ಬಿ ಬೀದಿಯ ನಲ್ಲಿಗೆ ಕೊಡ ಹಿಡಿದು ಹೊರಟವಳು, ‘ಗುಲಾಬಿ, ಸಾಕೂನ ಕೂವೆಗೆ ಕಟ್ಟ್’ ಎಂದಳು. ಇದು ನಾನು ದಿನವೂ ಮಾಡುವ ಕೆಲಸ. ಮಾಡಿನ ಕಂಬದಿಂದ ಹಗ್ಗ ಬಿಚ್ಚಿ ಸಾಕುವನ್ನು ಕೂವೆಮರದ ಹತ್ತಿರ ಕರೆತಂದೆ. ಅವಳು ಅಂಚಿನಲ್ಲಿ ಕೂತು ನನ್ನ ಹಾಗೆ ಕಾಲು ಇಳಿಬಿಡಬೇಕೆಂದು ಹಟ ಹಿಡಿದಳು. ‘ಅಕ್ಕಾ, ಕಾಲು, ಕಾಲು’ ಎನ್ನುತ್ತಲೇ ಇದ್ದಳು. ಇಲ್ಲಿ ನಾನು ನಿಧಾನವಾಗಿ ಬರೆಯಬೇಕು. ನಾನು ಮರೆತೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದರೆ ಬದುಕು ಸುಲಭವಾಗುತ್ತಿತ್ತು. ಮರೆಯಲಿಲ್ಲ. ಬರಿಗಂಟು ನನ್ನ ಎಡಗೈಯಲ್ಲಿತ್ತು. ಅದನ್ನು ಬಿಟ್ಟು ಹಗ್ಗವನ್ನು ತುಂಬಿದ ಗಂಟಿನವರೆಗೆ ಜಾರಿಸಿ, ಅಲ್ಲಿ ಕಟ್ಟಿದೆ. ನಾನು ಪಕ್ಕದಲ್ಲೇ ಕೂರುತ್ತೇನಲ್ಲ, ಸ್ವಲ್ಪ ಹೊತ್ತು ತಾನೇ, ಎಂದುಕೊಂಡೆ. ಕೂತೆವು. ಇಬ್ಬರೂ ಕಾಲು ಇಳಿಬಿಟ್ಟೆವು. ಬರಿದೋಣಿ ಎತ್ತರವಾಗಿ ನಿಂತಿತ್ತು, ಕಪ್ಪು ನೀರು ಕೆಳಗಿತ್ತು, ಸಾಕು ನಗುತ್ತಿದ್ದಳು. ಆಗ ಪಕ್ಕದಿಂದ ಪೋಲಮ್ಮ, ನಿನ್ನೆಯ ಪಾತ್ರೆ ತೆಗೆದುಕೊಂಡು ಹೋಗು ಎಂದು ಕೂಗಿದಳು. ನಾನು ಎದ್ದು ಹೋದೆ.

ಅವಳ ದೋಣಿಯಲ್ಲಿ ನಾನು ಎಷ್ಟು ಹೊತ್ತು ಇದ್ದೆ ಎಂಬುದನ್ನು ಇಷ್ಟು ವರ್ಷಗಳಿಂದ ಅಳೆಯುತ್ತಿದ್ದೇನೆ. ಪೋಲಮ್ಮ ಪಾತ್ರೆಯೊಳಗೆ ನಾಲ್ಕು ಬೆಂಡೆಕಾಯಿ ಹಾಕಿದಳು. ನನ್ನ ಕೂದಲಿನಲ್ಲಿದ್ದ ಏನನ್ನೋ ತೆಗೆದು ಎಸೆದಳು. ಅಷ್ಟೇ. ಬಿದ್ದ ಸದ್ದು ನನಗೆ ಕೇಳಿಸಲಿಲ್ಲ. ತಿರುಗಿದಾಗ ಅಂಚಿನಲ್ಲಿ ಸಾಕು ಇರಲಿಲ್ಲ. ಕೂವೆಮರದಿಂದ ಅಂಚಿನವರೆಗೆ ಹಗ್ಗ ಕಡ್ಡಿಯ ಹಾಗೆ ಸೆಟೆದು ನಿಂತಿತ್ತು. ನಾನು ಕಿರುಚಲಿಲ್ಲ. ಪಾತ್ರೆಯನ್ನು ಕೆಳಗಿಟ್ಟೆ, ಬೆಂಡೆಕಾಯಿ ಚೆಲ್ಲದ ಹಾಗೆ ಇಟ್ಟೆ. ಅದು ಇವತ್ತಿಗೂ ನನಗೆ ಅರ್ಥವಾಗಿಲ್ಲ. ಪೋಲಮ್ಮ ನನ್ನನ್ನು ದೂಡಿಕೊಂಡೇ ನಮ್ಮ ದೋಣಿಗೆ ಹಾರಿ ಹಗ್ಗ ಹಿಡಿದು ಎಳೆದಳು. ಸಾಕು ಸೊಂಟದಿಂದ ತಲೆಕೆಳಗಾಗಿ ನೇತಾಡುತ್ತಿದ್ದಳು, ಎದೆಯವರೆಗೆ ನೀರಿನಲ್ಲಿ. ಮುಖ ಬೂದಿಯ ಬಣ್ಣ. ಪೋಲಮ್ಮ ಅವಳ ಕಾಲು ಹಿಡಿದು ತೂಗಿ ಬೆನ್ನಿಗೆ ಬಡಿದಳು, ಮತ್ತೆ ಬಡಿದಳು. ನೀರು ಬಂತು, ಆಮೇಲೆ ಬಹಳ ಸಣ್ಣದೊಂದು ಅಳು. ಅಬ್ಬಿ ತುಂಬಿದ ಕೊಡ ಹೊತ್ತು ಏರಿಯ ಮೇಲೆ ಬರುತ್ತಿದ್ದಳು. ಕೊಡ ಎಲ್ಲಿ ಬಿತ್ತೋ ಗೊತ್ತಿಲ್ಲ. ಮಗುವನ್ನು ಕಿತ್ತುಕೊಂಡು ಸೆರಗಿನಲ್ಲಿ ಒರೆಸಿ, ಒಲೆಯ ಪಕ್ಕ ಮಲಗಿಸಿದಳು. ಸೊಂಟದ ಸುತ್ತ ಹಗ್ಗದ ಬರೆ ಕೆಂಪಗೆ ಎದ್ದಿತ್ತು. ಆಮೇಲೆ ಅಬ್ಬಿ ಕೂವೆಮರದ ಬಳಿ ಹೋಗಿ ಗಂಟನ್ನು ಬಹಳ ಹೊತ್ತು ನೋಡಿದಳು. ಬಿಚ್ಚಿದಳು. ಬರಿಗಂಟಿನಲ್ಲಿ ಕಟ್ಟಿದಳು, ಆ ಕಡೆಯ ತುದಿಯಲ್ಲಿ ಮಗುವೇ ಇರಲಿಲ್ಲ. ನನ್ನನ್ನು ಏನೂ ಕೇಳಲಿಲ್ಲ. ಕೇಳದಿದ್ದುದಕ್ಕೆ ನಾನೂ ಏನೂ ಹೇಳಲಿಲ್ಲ.

ಮೂರನೆಯ ದಿನ ಮಾವ ಬಂದ. ಬೈರಾಸು ಮೂಗಿಗೆ ಹಿಡಿದೇ ಸಾಕುವನ್ನು ಎತ್ತಿಕೊಳ್ಳಲು ಹೋದ. ಅವಳು ನೋವಿಗೆ ಚೀರಿದಳು. ಅವನು ಅಂಗಿ ಎತ್ತಿ ನೋಡಿದ. ಬರೆ ಅಷ್ಟರಲ್ಲಿ ಕಪ್ಪಾಗಿತ್ತು. ಬೈರಾಸು ಅವನ ಕೈಯಿಂದ ಜಾರಿತು.

‘ಎಂತ ಲಚ್ಚು ಇದ್?’

‘ಬಿತ್ತ್. ಹಗ್ಗ ಉದ್ದ ಆಯ್ತ್.’

‘ಕಟ್ಟಿದ್ದ್ ಯಾರ್?’

‘ನಾನೇ ಕಟ್ಟಿದ್ದ್,’ ಎಂದಳು ಅಬ್ಬಿ. ಒಲೆಗೆ ಸೌದೆ ದೂಡುತ್ತಲೇ ಹೇಳಿದಳು, ತಲೆ ಎತ್ತಲಿಲ್ಲ.

‘ಕರು ಕಟ್ಟಿದಂಗೆ ಹೆಣ್ಮಕ್ಳನ್ನ ಕಟ್ಟುದಾ? ಇದ್ ಸಂಸಾರವಾ ಹೆಣ್ಣೇ? ಊರಂಗ್ ಕೇಂಡವ್ರ್ ಎಂತ ಹೇಳುಕಿಲ್ಲೆ?’

‘ಊರಂಗಿದ್ದವ್ರ್ ಬಂದ್ ಎತ್ತಿಲ್ಲೆ. ಎತ್ತಿದ್ದ್ ಪೋಲಮ್ಮ.’

ಮಾವ ಅಪ್ಪನ ಕಡೆ ತಿರುಗಿದ. ಅಪ್ಪ ಹಾಯಿಯ ಹರಿದ ಜಾಗ ಹೊಲಿಯುತ್ತಿದ್ದ, ಸೂಜಿ ನಿಲ್ಲಿಸಿದ, ಅಷ್ಟೇ. ಮಾವ ಆಗ ನಿರ್ಧಾರ ಹೇಳಿದ. ಸೋಮವಾರ ಹೋಟೆಲಿಗೆ ರಜೆ. ಅವನು ರಿಕ್ಷಾ ತರುತ್ತಾನೆ. ಇಬ್ಬರೂ ಹುಡುಗಿಯರು ಅವನ ಮನೆಗೆ. ನಾನು ಶಾಲೆಗೆ, ಸಾಕು ಅತ್ತೆಯ ಹತ್ತಿರ. ಅಬ್ಬಿ ಬೇಕಾದಾಗ ಬಂದು ನೋಡಿಕೊಂಡು ಹೋಗಬಹುದು. ಅಬ್ಬಿ ಈ ಸಲ ‘ಕಾಂಬ’ ಎನ್ನಲಿಲ್ಲ. ‘ಕೊಡೂದಿಲ್ಲೆ’ ಎಂದಳು. ಅವನು ಕೇಳಿಸಿಕೊಳ್ಳದವನಂತೆ ಎದ್ದು ಹೋದ. ತಂದಿದ್ದ ಮೈಸೂರು ಪಾಕಿನ ಪೊಟ್ಟಣ ಅಕ್ಕಿ ಡಬ್ಬದ ಮೇಲೆ ಉಳಿಯಿತು. ಯಾರೂ ಬಿಚ್ಚಲಿಲ್ಲ.

ಸೋಮವಾರ ಮಧ್ಯಾಹ್ನ ಊಟವಾಗಿ ಕಡಲ ಗಾಳಿ ಎದ್ದಿತ್ತು. ನಾಲ್ಕೂ ದೋಣಿಗಳು ಉತ್ತರಕ್ಕೆ ಹೊರಡುವ ಹೊತ್ತು. ಅಬ್ಬಿ ಕದ್ದು ಓಡಿದಳು ಎಂದು ಆಮೇಲೆ ಮಾವ ಎಲ್ಲರಿಗೂ ಹೇಳಿದ. ಹಾಗಲ್ಲ. ಅವಳು ಸೇತುವೆಯ ಕಡೆ ನೋಡುತ್ತ ನಿಂತಿದ್ದಳು. ರಿಕ್ಷಾ ಸೇತುವೆ ಇಳಿದು ಏರಿಯ ಮೇಲೆ ಬರುವುದು ಕಣ್ಣಿಗೆ ಕಂಡ ಮೇಲೆಯೇ ದಡದ ಹಗ್ಗ ಬಿಚ್ಚಿದಳು. ಕಂಡು, ಕಾಣುವಂತೆಯೇ ಬಿಚ್ಚಿದಳು. ಗಾಳಿ ಮೆಲ್ಲಗಿತ್ತು, ದೋಣಿ ಮನುಷ್ಯ ನಡೆಯುವಷ್ಟೇ ವೇಗದಲ್ಲಿ ಹೊರಟಿತು. ಮಾವ ಬಿಳಿ ಪಂಚೆ ಎತ್ತಿ ಕಟ್ಟಿ ಏರಿಯ ಮೇಲೆ ನಮ್ಮ ಜೊತೆಜೊತೆಗೇ ನಡೆಯತೊಡಗಿದ. ಜಗಳ ಹಾಗೆಯೇ ನಡೆಯಿತು: ಅವನು ದಡದ ಮೇಲೆ, ನಾವು ನೀರಿನ ಮೇಲೆ, ನಡುವೆ ಏಳೆಂಟು ಮೊಳ. ರಿಕ್ಷಾದವನು ಸ್ವಲ್ಪ ದೂರ ಹಿಂದೆಯೇ ಬಂದು, ಆಮೇಲೆ ಬೇವಿನ ಮರದ ಕೆಳಗೆ ಕೂತುಬಿಟ್ಟ.

‘ಲಚ್ಚು, ದೋಣಿ ನಿಲ್ಸ್.’

‘ಗಾಳಿ ನಿಂತ್ರೆ ನಿಲ್ತ್.’

‘ಹಟ ಮಾಡ್ಬೇಡ. ಅದ್ ಸತ್ತಿದ್ರೆ ಎಂತ ಮಾಡ್ತಿದ್ದೆ?’

‘ಸಾಯ್ಲಿಲ್ಲೆ.’

‘ಮುಂದಿನ್ ಸಲ?’

ಹಿಂದಿನ ದೋಣಿಯಿಂದ ಪೋಲಮ್ಮ ಬಾಯಿ ಹಾಕಿದಳು. ‘ಏಮಯ್ಯಾ ಅನ್ನಾ, ನಡೆದು ನಡೆದು ಬೆವರು ಬಂತು. ಮೀನು ಸಾರು ಕೊಡಲಾ, ಗಳದಲ್ಲಿ ಕಟ್ಟಿ?’ ಅವಳು ಕನ್ನಡವನ್ನು ಅಬ್ಬಿಯಿಂದ ಕಲಿತವಳು, ಬೈಯಲು ಮತ್ತು ಹಂಗಿಸಲು ಸಾಕಾಗುವಷ್ಟು. ಕೊನೆಯ ದೋಣಿಯ ಅಣ್ಣತಮ್ಮಂದಿರು ನಕ್ಕರು. ಮಾವ ಮಾತ್ರ ನಗಲಿಲ್ಲ, ನಿಲ್ಲಲೂ ಇಲ್ಲ. ಕಾಲುವೆಗೆ ಬಟ್ಟೆ ಒಗೆಯಲು ಬಂದವರು, ಎಮ್ಮೆ ಮೈತೊಳೆಯುವವರು, ಎಲ್ಲರೂ ತಲೆ ಎತ್ತಿ ಈ ಮೆರವಣಿಗೆ ನೋಡಿದರು. ಅವನ ಚಪ್ಪಲಿಯ ಉಂಗುಷ್ಠ ಕಿತ್ತಿತು. ಅದನ್ನು ಕೈಯಲ್ಲಿ ಹಿಡಿದು ನಡೆದ. ನಾನು ಸಾಕುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವನ ಬರಿಗಾಲನ್ನು ನೋಡುತ್ತಿದ್ದೆ. ಅಷ್ಟು ದೂರ ನಮಗಾಗಿ ಬೇರೆ ಯಾರೂ ನಡೆದವರಿಲ್ಲ. ಅದನ್ನೂ ಹೇಳದಿದ್ದರೆ ತಪ್ಪಾಗುತ್ತದೆ.

ಊರು ಮುಗಿಯುವಲ್ಲಿ ಲಾಕು ಇತ್ತು. ಎರಡು ಕಡೆ ದೊಡ್ಡ ಮರದ ಕದಗಳಿರುವ ಕಲ್ಲಿನ ತೊಟ್ಟಿ. ದೋಣಿಗಳು ಒಳಹೊಕ್ಕ ಮೇಲೆ ಹಿಂದಿನ ಕದ ಮುಚ್ಚಿ, ಮುಂದಿನ ಕಡೆಯ ನೀರನ್ನು ಮೆಲ್ಲಗೆ ಒಳಬಿಟ್ಟು, ದೋಣಿಯನ್ನು ಮೇಲಿನ ಮಟ್ಟಕ್ಕೆ ಏರಿಸುತ್ತಾರೆ. ಗಾಳಿ ಎಷ್ಟೇ ಇರಲಿ, ಲಾಕಿನಲ್ಲಿ ದೋಣಿ ನಿಲ್ಲಲೇಬೇಕು. ಅಬ್ಬಿಗೆ ಇದು ಗೊತ್ತಿತ್ತು. ಮಾವನಿಗೂ ಗೊತ್ತಿತ್ತು. ತೊಟ್ಟಿ ಎರಡು ದೋಣಿಗೆ ಸಾಕಾಗುವಷ್ಟು. ತಾತನದು ಮುಂದೆ, ನಮ್ಮದು ಹಿಂದೆ. ಕದ ಮುಚ್ಚಿತು. ಮಾವ ಲಾಕಿನ ಕಲ್ಲುಗೋಡೆಯ ಮೇಲೆ ಬಂದು ನಿಂತ. ಮೊದಲು ಅವನ ಪಾದಗಳು ನಮ್ಮ ತಲೆಯ ಮೇಲಿದ್ದವು. ಅವನು ಕೆಳಗೆ ನೋಡಿ ಮಾತಾಡುತ್ತಿದ್ದ, ನಾವು ಕತ್ತೆತ್ತಿ ಕೇಳುತ್ತಿದ್ದೆವು. ನೀರು ಏರುತ್ತ ಹೋಯಿತು, ನಾವೂ ಏರಿದೆವು. ಅವನ ಮೊಣಕಾಲು, ಪಂಚೆಯ ಅಂಚು, ಸೊಂಟ, ಕೊನೆಗೆ ಮುಖ. ಅವನು ಈಗ ದನಿ ಎತ್ತಬೇಕಾಗಿರಲಿಲ್ಲ.

‘ನಿನ್ ಕೈಯಗೆ ಆಗೂದಿಲ್ಲೆ ಲಚ್ಚು. ಹಗ್ಗ ನೆಟ್ಟಗೆ ಕಟ್ಟುಕಾಗದವ್ಳ್ ನೀನ್. ಇಷ್ಟ್ ವರ್ಷ ಕಟ್ಟಿ, ಒಂದ್ ಗಂಟ್ ಯಾವುದಂತ ಮರ್ತವ್ಳ್. ನಿನ್ ಹತ್ರ ಮಕ್ಳನ್ನ ಹ್ಯಾಂಗ್ ಬಿಡುದ್?’

ಅಬ್ಬಿ ಮುಂದಿನ ಹಗ್ಗ ಹಿಡಿದು ನಿಂತಿದ್ದಳು. ಅವಳು ಯಾವ ಗಂಟನ್ನೂ ಎಂದೂ ಮರೆತವಳಲ್ಲ. ಅವಳ ಹೆಸರಿಗೆ ಆ ಮಾತು ಅಂಟುವುದನ್ನು ನಾನು ನೋಡಿದೆ. ಎರಡೂ ದೋಣಿಯವರು, ಲಾಕಿನ ಕಾವಲುಗಾರ, ಎಲ್ಲರೂ ಕೇಳುತ್ತಿದ್ದರು.

‘ಮಾವ,’ ಎಂದೆ, ‘ಹಗ್ಗ ಕಟ್ಟಿದ್ದ್ ಅಬ್ಬಿ ಅಲ್ಲ. ನಾನ್.’

ಅವನು ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ‘ಮರ್ತ್ ಹೋಯ್ತಾ ಮಗಾ?’ ಎಂದ. ದಾಟಿಹೋಗಲು ಅವನೇ ಬಾಗಿಲು ತೆರೆದುಕೊಟ್ಟ ಹಾಗಿತ್ತು.

‘ಮರೀಲಿಲ್ಲೆ. ಗೊತ್ತಿತ್ತ್. ಸಾಕು ಕೇಳ್ತ್ ಅಂದೇಳಿ ಉದ್ದ ಬಿಟ್ಟೆ. ಆಮೇಲ್ ಎದ್ದ್ ಹೋದೆ.’

ಚುಕ್ಕಾಣಿಯಲ್ಲಿದ್ದ ಅಪ್ಪ ನನ್ನ ಕಡೆ ನೋಡಿದ. ಅಬ್ಬಿ ನೋಡಲಿಲ್ಲ. ಕಟ್ಟಿದವಳು ನಾನೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಉದ್ದ ಬಿಟ್ಟೆನೆಂದು ಗೊತ್ತಿರಲಿಲ್ಲ. ಅವಳ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಆ ಬೆನ್ನು ಒಮ್ಮೆ, ಬಹಳ ಸ್ವಲ್ಪ, ಬಾಗಿ ಮತ್ತೆ ನೆಟ್ಟಗಾಯಿತು. ಎಲ್ಲ ಮುಗಿಯಿತು, ಇನ್ನು ಅವಳೇ ನನ್ನನ್ನು ದಡಕ್ಕೆ ಕೊಡುತ್ತಾಳೆ ಎಂದುಕೊಂಡೆ.

‘ಕೇಂಡ್ಯಾ ಲಚ್ಚು?’ ಮಾವ ಮೆಲ್ಲಗೆ ಹೇಳಿದ. ‘ಒಂಬತ್ ವರ್ಷದ್ ಹೆಣ್ಣ್. ಅದ್ರ್ ಕೈಯಗೆ ಒಂದ್ ಜೀವ ಕೊಟ್ಟಿಟ್ಟಿದ್ಯಲೆ. ತಪ್ಪ್ ಅದ್ರದ್ದಲ್ಲ, ನಿನ್ನದ್.’

‘ಹೌದ್, ನನ್ನದೇ,’ ಎಂದಳು ಅಬ್ಬಿ. ‘ಮಕ್ಳೂ ನನ್ನವೇ.’

ನೀರು ಸಮವಾಯಿತು. ಮುಂದಿನ ಕದ ಕಿರುಗುಟ್ಟುತ್ತ ತೆರೆದುಕೊಂಡಿತು. ಕಣ್ಣಪ್ಪನ್ ತಾತ ತಿರುಗಿ ನೋಡದೆಯೇ ‘ಕದವು ತೆರಂದಾಚ್ಚು, ವಾಂಗ’ ಎಂದು ಕೂಗಿ ತನ್ನ ದೋಣಿಯನ್ನು ಮುಂದೆ ದೂಡಿದ. ಬರಿದೋಣಿಯನ್ನು ಲಾಕಿನಿಂದ ಹೊರತರುವುದು ಕಷ್ಟದ ಕೆಲಸ. ಹಗುರವಾಗಿರುವುದರಿಂದ ಒಂದು ಸಣ್ಣ ಗಾಳಿಗೂ ತಿರುಗಿ ಕಲ್ಲಿಗೆ ಬಡಿಯುತ್ತದೆ. ಅಪ್ಪ ಚುಕ್ಕಾಣಿ ಬಿಡುವಂತಿಲ್ಲ, ಅಬ್ಬಿ ಮುಂದಿನ ಹಗ್ಗ ಬಿಡುವಂತಿಲ್ಲ. ನಡುವಿನಲ್ಲಿ ಗಳ ಹಿಡಿದು ಗೋಡೆಯಿಂದ ದೋಣಿಯನ್ನು ದೂರ ಇಡುವವರು ಬೇಕು. ಅದು ಯಾವಾಗಲೂ ನಾನು ಮಾಡುವ ಕೆಲಸ.

‘ಗುಲಾಬಿ,’ ಎಂದಳು ಅಬ್ಬಿ, ಹಿಂದೆ ನೋಡದೆ. ‘ಗಳ ಹಿಡಿ. ಗೋಡಿಗೆ ತಾಗ್ಸ್‌ಬೇಡ.’

ನನ್ನ ತೊಡೆಯ ಮೇಲೆ ಸಾಕು ಇದ್ದಳು. ಮಾವ ಗೋಡೆಯ ಅಂಚಿಗೆ ಬಂದು ಎರಡೂ ಕೈ ಚಾಚಿದ. ಅವನ ಬೆರಳುಗಳು ನನ್ನಿಂದ ಒಂದು ಗೇಣು ದೂರದಲ್ಲಿದ್ದವು.

‘ಇಲ್ಲಿ ಕೊಡ್ ಮಗಾ. ನಾ ಹಿಡ್ಕಂತೆ.’

ಹಿಡಿದುಕೊಳ್ಳಲು ಮಾತ್ರ ಕೇಳಿದನೋ, ಇಟ್ಟುಕೊಳ್ಳಲು ಕೇಳಿದನೋ, ನನಗೆ ಗೊತ್ತಿಲ್ಲ. ಅವನಿಗೂ ಆ ಕ್ಷಣ ಗೊತ್ತಿತ್ತೆಂದು ನಾನು ಹೇಳಲಾರೆ. ಆ ಕೈಗಳ ಹಿಂದೆ ನಲ್ಲಿ ಇತ್ತು, ಶಾಲೆ ಇತ್ತು. ನಾನು ಶಾಲೆಯ ಮೆಟ್ಟಿಲು ಹತ್ತಿದ್ದು ಕೊನೆಗೆ ಹನ್ನೆರಡನೆಯ ವಯಸ್ಸಿನಲ್ಲಿ, ನನ್ನ ಮೊಣಕೈಯಷ್ಟು ಎತ್ತರದ ಮಕ್ಕಳ ನಡುವೆ. ಆ ಸೋಮವಾರಕ್ಕೆ ಕೊಟ್ಟ ಬೆಲೆ ಅದು ಎಂದು ಮಾವ ಸಾಯುವವರೆಗೂ ಹೇಳುತ್ತಿದ್ದ. ಇರಬಹುದು. ಕೊಟ್ಟೆ.

‘ಬ್ಯಾಡ ಮಾವ,’ ಎಂದೆ.

ಸಾಕು ಅವನ ಕೈಗಳನ್ನು ನೋಡಿ, ತನ್ನ ಭಾಷೆಯಲ್ಲಿ, ‘ವೇಂಡಾ’ ಎಂದಳು. ನಾನು ಅವಳನ್ನು ಎತ್ತಿಕೊಂಡು ಕೂವೆಮರದ ಬುಡಕ್ಕೆ ಹೋದೆ. ಸೊಂಟದ ಬರೆಯ ಮೇಲೆ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹಗ್ಗ ಸುತ್ತಿದೆ. ದೋಣಿಯ ಹಿಂಭಾಗ ಗೋಡೆಯ ಕಡೆ ತಿರುಗತೊಡಗಿತ್ತು. ಗೋಡೆಯ ಮೇಲಿದ್ದ ಮಾವ ಕೈ ಚಾಚಿಕೊಂಡೇ ನೋಡುತ್ತಿದ್ದ. ಬರಿಗಂಟನ್ನು ಹುಡುಕಿ, ಎರಡು ಸಲ ಮುಟ್ಟಿ ನೋಡಿ, ಮರಕ್ಕೆ ಕಟ್ಟಿದೆ. ಎಳೆದು ನೋಡಿದೆ. ಆಮೇಲೆ ಗಳ ತೆಗೆದುಕೊಂಡು ಕಲ್ಲಿಗೆ ಊರಿ ಮೈಯ ಭಾರವನ್ನೆಲ್ಲ ಹಾಕಿ ನೂಕಿದೆ. ದೋಣಿ ಗೋಡೆಯಿಂದ ಬಿಟ್ಟುಕೊಂಡಿತು. ಒಂದು ಗೇಣು, ಒಂದು ಮೊಳ, ಎರಡು ಮೊಳ. ಮಾವ ಕೈ ಇಳಿಸಿದ.

ಲಾಕು ದಾಟಿ ಹಾಯಿಗೆ ಗಾಳಿ ಸಿಕ್ಕ ಮೇಲೆ ಅಬ್ಬಿ ಮುಂದಿನ ಹಗ್ಗವನ್ನು ಸುರುಳಿ ಸುತ್ತಿಟ್ಟು ಹಿಂದೆ ಬಂದಳು. ನನ್ನನ್ನು ದಾಟಿ ಹೋದಳು, ಮುಖ ನೋಡಲಿಲ್ಲ. ಕೂವೆಮರದ ಹತ್ತಿರ ಬಗ್ಗಿ, ನಾನು ಹಾಕಿದ ಗಂಟನ್ನು ಎರಡು ಬೆರಳಿನಲ್ಲಿ ಹಿಡಿದು ಜಗ್ಗಿದಳು. ಅಲ್ಲಿಂದ ಅಂಚಿನವರೆಗೆ ತನ್ನ ಮೊಳ ಹಾಕಿ ಅಳೆದಳು. ಆಮೇಲೆ ಒಲೆ ಹಚ್ಚಲು ಹೋದಳು. ಅಂದಿನಿಂದ ನಾನು ಕಟ್ಟಿದ ಪ್ರತಿಯೊಂದು ಗಂಟನ್ನೂ ಅವಳು ಜಗ್ಗಿ ನೋಡುತ್ತಿದ್ದಳು. ನನಗೆ ಮದುವೆಯಾಗಿ, ನನ್ನ ಮಕ್ಕಳ ತೊಟ್ಟಿಲಿಗೆ ನಾನು ಕಟ್ಟಿದ ಗಂಟನ್ನೂ ಜಗ್ಗಿ ನೋಡಿದಳು. ಒಂದು ಸಲವೂ ನನ್ನ ಕೈಯಿಂದ ಹಗ್ಗವನ್ನು ಕಿತ್ತುಕೊಳ್ಳಲಿಲ್ಲ.